ಹೊಸ್ತಿಲಾಚೆ ಮೌನಮ್ಮನ ಬಾಡದ ಹೂ

ಬೆಳಗಿನ ಐದೂವರೆ. ಶಹಾಪುರದಿಂದ ಸುರಪುರದ ಕಡೆ ಹೋಗುವ ರಸ್ತೆ ಬಿಟ್ಟು ಕಾಲುವೆ ದಂಡೆ ಹಿಡಿದು ಸ್ವಲ್ಪ ಒಳಗೆ ಹೋದರೆ, ತಗಡಿನ ಚಪ್ಪರದಡಿ ಮೌನಮ್ಮ ಆಗಲೇ ಕೆಲಸಕ್ಕೆ ನಿಂತಿದ್ದಾರೆ. ಮೂಗು, ಬಾಯಿಗೆ ಹಸಿ ಟವೆಲ್ಲು. ಎಡಗೈಯಲ್ಲಿ ಜೌಗಿನಲ್ಲಿ ಬೆಳೆಯುವ ಆಪು ಹುಲ್ಲಿನ ಒಣಗಿದ ಕದಿರು, ಬಲಗೈಯಲ್ಲಿ ಬಂಗಾರ ಬಣ್ಣದ ಸ್ಪ್ರೇ ಡಬ್ಬಿ. ಡಬ್ಬಿಯನ್ನು ಗಡಗಡ ಅಲುಗಾಡಿಸಿ, ಮೊಳ ದೂರ ಹಿಡಿದು, ಉಸ್ಸೆಂದು ಒಂದೇ ಸುತ್ತು. ನಿನ್ನೆಯವರೆಗೆ ಎಮ್ಮೆಯೂ ಮೂಸದ ಹುಲ್ಲು ನೋಡನೋಡುತ್ತಲೇ ಮದುವೆ ಮಂಟಪಕ್ಕೆ ತಯಾರಾಗುತ್ತದೆ.

"ಗಾಳಿ ಏಳೂದ್ರೊಳಗ ಮುಗಸಬೇಕ್ರಿ ಅಣ್ಣಾರ. ಗಾಳಿ ಬಿಟ್ತಂದ್ರ ಬಣ್ಣ ಹೂವಿಗಿ ಬಡಿಯಂಗಿಲ್ಲ, ನನ್ನ ಮಾರಿಗಿ ಬಡೀತದ" ಎಂದು ಟವೆಲ್ಲಿನ ಒಳಗಿಂದಲೇ ನಗುತ್ತಾರೆ.

ಹತ್ತು ಹೆಜ್ಜೆ ಆಚೆ ಮನೆ. ಹೊಸ್ತಿಲ ಮೇಲೆ ಅತ್ತೆ ಬಸ್ಸಮ್ಮ ಕುಳಿತಿದ್ದಾರೆ. ಎಂಬತ್ತು ದಾಟಿದ್ದರೂ ದನಿ ಮಾತ್ರ ಕಾಲುವೆ ಆಚೆ ದಂಡೆಗೂ ಕೇಳಬೇಕು. "ಮೊದಲ ಬಂದೋರಿಗಿ ಚಾ ಕೊಡವಾ! ಆ ಕಸಾ ಎಲ್ಲಿ ಓಡಿ ಹೋಗ್ತದ?"

ಕಸ ಎಂಬ ಮಾತು ಸುಳ್ಳಲ್ಲ. ಹತ್ತು ವರ್ಷದ ಹಿಂದೆ ಮೌನಮ್ಮ ಇದೇ ಕಾಲುವೆ ಕೆಳಗಿನ ಭತ್ತದ ಗದ್ದೆಗಳಲ್ಲಿ ಕಸ, ಅಂದರೆ ಕಳೆ, ಕೀಳುವ ಕೂಲಿಗೆ ಹೋಗುತ್ತಿದ್ದರು. ಗಂಡ ಗುರಣ್ಣ ಹೊಳೆಯಲ್ಲಿ ಮೀನು ಹಿಡಿಯುವವರು. ಒಂದು ದಿನ ಶಹಾಪುರದ ಗ್ಯಾರೇಜೊಂದರ ಗೋಡೆ ಬುಡದಲ್ಲಿ ಬಂಗಾರದ ಹುಲ್ಲು ಕಂಡಿತಂತೆ. ಟ್ರ್ಯಾಕ್ಟರ್ ಟ್ರ್ಯಾಲಿಗೆ ಹೊಡೆದ ಬಣ್ಣ ಪಕ್ಕದ ಹುಲ್ಲಿಗೂ ಸಿಡಿದಿತ್ತು. "ಮೂರು ತಿಂಗಳಾದ ಮ್ಯಾಲ ಹೋದ್ರ ಅದು ಹಂಗ ನಿಂತಿತ್ರಿ. ಟ್ರ್ಯಾಲಿ ಬಣ್ಣ ಕಿತ್ತಿತ್ತು, ಹುಲ್ಲಿಂದು ಕಿತ್ತಿದ್ದಿಲ್ಲ!"

ಬಣ್ಣ ಹಚ್ಚಿದರೆ ಮುಗಿಯಿತು ಅಂದುಕೊಂಡಿರಾ? ಮೊದಲ ವರ್ಷ ಕಡ್ಡಿಗಳು ಸೆಟೆದು ನಿಲ್ಲಲೆಂದು ಮೌನಮ್ಮ ಸೀರೆಗೆ ಹಾಕುವ ಹಾಗೆ ಅನ್ನದ ಗಂಜಿಯಲ್ಲಿ ಅದ್ದಿ ತೆಗೆದಿದ್ದರು. ಯಾದಗಿರಿಯ ಡೆಕೋರೇಷನ್ ಅಂಗಡಿಗೆ ಹೋದ ನಲವತ್ತು ಕಟ್ಟು ಹದಿನೈದೇ ದಿನಕ್ಕೆ ನುಸಿ ಹಿಡಿದು ವಾಪಸು ಬಂದವು. ಅಂಗಡಿಯ ಬಾಷುಮಿಯಾ ಇಂದಿಗೂ ಅದನ್ನು ನೆನೆದು ನಗುತ್ತಾರೆ. "ಅಕ್ಕ ಹೂ ಕಳಿಸ್ಯಾಳೋ ಹುಳಕ್ಕ ಊಟ ಕಳಿಸ್ಯಾಳೋ ಅಂತ ತಿಳೀಲಿಲ್ರಿ. ಈಗ ನೋಡ್ರಿ, ಆಕಿ ಮಾಲು ಬಂದ್ರ ಸಂಜಿತನಕ ನಿಲ್ಲಂಗಿಲ್ಲ."

ಈಗ ಲೆಕ್ಕವೆಲ್ಲ ಪಕ್ಕಾ. ದೀಪಾವಳಿಯಿಂದ ಸಂಕ್ರಾಂತಿವರೆಗೆ ಕೊಯ್ಲು. ಇಬ್ಬನಿ ಆರಿದ ಮೇಲೆಯೇ ಕುಡುಗೋಲು. ಹಸಿ ಇದ್ದಾಗ ಕೊಯ್ದರೆ ಬೂಷ್ಟು. ಹೊಲದಲ್ಲಿ ಕಸವಾಗಿ ಬೆಳೆಯುವ ಅಣ್ಣೆ ಹೂವನ್ನು ಪೂರಾ ಅರಳುವ ಮುಂಚೆ, ಹತ್ತಿ ಬಿಡಿಸಿದ ಮೇಲೆ ಉಳಿಯುವ ಒಣ ಕಾಯಿ ಸಿಪ್ಪೆಗಳನ್ನು ಗಿಡ ಕೀಳುವ ಮುಂಚೆ ತರಬೇಕು. ಗಂಜಿಯಿಲ್ಲದೆಯೇ ಸೆಟೆದು ನಿಲ್ಲಲು ಇಪ್ಪತ್ತು ದಿನ ನೆರಳಿನಲ್ಲಿ ತಲೆಕೆಳಗಾಗಿ ನೇತುಹಾಕಬೇಕು. ಆಮೇಲೆ ದಿನಕ್ಕೆ ಅರವತ್ತು ಕಟ್ಟು. ಕೈತುಂಬ ತುರಿಕೆ, ಬಣ್ಣದ ವಾಸನೆಗೆ ತಲೆಶೂಲೆ. ಆಪು ಬೆಳೆಯುವ ನೀರಿಗೆ ಮಾತ್ರ ಗುರಣ್ಣನೇ ಇಳಿಯುತ್ತಾರೆ, ಹೆಂಡತಿಯನ್ನು ಬಿಡುವುದಿಲ್ಲ. ಅಣ್ಣೆ ಕೊಯ್ಯುವ ಹೊಲದ ಮಾಲೀಕ ಸೂಗಪ್ಪ ದಾರಿಯಲ್ಲಿ ಸಿಕ್ಕಾಗಲೆಲ್ಲ ಕಾಡಿಸುತ್ತಾರಂತೆ: "ಮೌನಮ್ಮ, ಈ ವರ್ಷ ನಮ್ಮ ಹೊಲದಾಗ ಕಸಾ ಭಾಳ ಛಲೋ ಬಂದದ, ಬಂದು ಒಯ್ಯವಾ."

ಇಷ್ಟೆಲ್ಲ ಮಾಡುವಾಕೆಯ ಮನೆಯೊಳಗೆ ಹೋಗಿ ನೋಡಿ, ಒಂದೇ ಒಂದು ಕಡ್ಡಿ ಇಲ್ಲ. ಟಿ.ವಿ. ಪಕ್ಕದಲ್ಲಿ ತಿಕ್ಕಿ ಬೆಳಗಿದ ಒಂದು ಹಿತ್ತಾಳೆ ತಂಬಿಗೆ, ಅದೂ ಖಾಲಿ. ಬಸ್ಸಮ್ಮನ ಕಟ್ಟಪ್ಪಣೆ ಅದು. "ಬಾಡಿದ ಹೂ ಹೊಳಿಗಿ, ಇಲ್ಲಾ ಗಿಡದ ಬುಡಕ್ಕ. ಮನ್ಯಾಗ ಇಟ್ಕೊಂಡ್ರ ಮನೀನ ಬಾಡ್ತದ." ಬಣ್ಣದ ಡಬ್ಬಿ ಹೊಸ್ತಿಲು ದಾಟಬಹುದು, ಹೂ ದಾಟುವಂತಿಲ್ಲ. ಒಂಬತ್ತು ವರ್ಷವಾಯಿತು.

"ಒಮ್ಮೆಯೂ ಕದ್ದು ಇಡಲಿಲ್ಲವೇ?" ಎಂದು ಕೇಳುತ್ತೇನೆ.

"ಆ ತಂಬಗಿ ತಂದದ್ದ ಅದಕ್ರಿ. ಮಂದಿ ಮನಿಯೆಲ್ಲ ಸಿಂಗಾರ ಮಾಡೀನಿ, ನನ್ನ ಮನ್ಯಾಗೂ ಒಂದು ಕಟ್ಟು ಇರ್ಲಿ ಅಂತ ಆಸಿ ಭಾಳ ಅದ. ಆದ್ರ ಅತ್ತಿ ಕಣ್ಣ ತಪ್ಪಿಸಿ ಯಾಕ ಇಡ್ಲಿ? ಆಕಿನ ಹ್ಞೂಂ ಅನಬೇಕು."

ಅಷ್ಟು ಹೇಳಿ ದನಿ ತಗ್ಗಿಸುತ್ತಾರೆ. ಹೋದ ತಿಂಗಳು ಬಸ್ಸಮ್ಮ ಉಸಿರಾಟದ ತೊಂದರೆಯಿಂದ ಎಂಟು ದಿನ ದವಾಖಾನೆಯಲ್ಲಿದ್ದರು. ಮನೆಗೆ ಬಂದ ಮರುದಿನವೇ ಸೊಸೆಯನ್ನು ಹತ್ತಿರ ಕರೆದರಂತೆ. 'ನಾ ಹೋದ ಮ್ಯಾಲ ನನ್ನ ಫೋಟೋಕ್ಕ ದಿನಾ ಹಸಿ ಹೂ ತರಾಕ ನಿನಗೆಲ್ಲಿ ಪುರಸೊತ್ತು? ಆ ನಿನ್ನ ಕಸದ್ದ ಒಂದು ಹಾರ ಮಾಡಿ ಒಳಗ ತಂದಿಡು. ಬಂಗಾರ ಬ್ಯಾಡ, ಕೆಂಪು ಹಚ್ಚು. ಈಗ ಮಾಡು, ನಾ ನೋಡ್ತೀನಿ.'

ಮೌನಮ್ಮ ಟವೆಲ್ಲಿನ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಾರೆ. ಒಂಬತ್ತು ವರ್ಷ ಕಾದ ಅಪ್ಪಣೆ ಕೊನೆಗೂ ಸಿಕ್ಕಿದೆ. ಹಾರ ಆಯಿತೇ ಎಂದರೆ, ತಲೆ ಅಲ್ಲಾಡಿಸುತ್ತಾರೆ.

"ಊರಿಗೆಲ್ಲ ಮಾಡ್ತೀನ್ರಿ, ಅದೊಂದು ಮಾಡಂಗಿಲ್ಲ. ಕೆಂಪು ಡಬ್ಬಿ ತೀರ್ಯಾದ ಅಂತ ದಿನಾ ಸುಳ್ಳು ಹೇಳಾಕತ್ತೀನಿ. ನನ್ನ ಹೂ ಹೊರಗ ಇರ್ಲಿ ಬಿಡ್ರಿ, ತಂಬಗಿ ಖಾಲಿ ಇರ್ಲಿ."

ಅಷ್ಟರಲ್ಲಿ ತಗಡು ಪಟಪಟ ಅಲುಗುತ್ತದೆ. ಹೊಸ್ತಿಲಿಂದ ಬಸ್ಸಮ್ಮನ ಗದರಿಕೆ: "ಏನ್ ಗುಸುಗುಸು ಹಚ್ಚಿ ಅಲ್ಲಿ? ಗಾಳಿ ಎದ್ದದ, ಕಾಣಂಗಿಲ್ಲೇನು?"

ಮೌನಮ್ಮನ ಮುಖ ಅರಳುತ್ತದೆ. "ಕೇಳಿದ್ರಿಲ್ಲ ಅಣ್ಣಾರ? ನನಗ ಈ ದನಿ ಬೇಕ್ರಿ, ದಿನಾ" ಎಂದು ಡಬ್ಬಿ ಎತ್ತಿಕೊಳ್ಳುತ್ತಾರೆ.