ಬ್ಯಾಗಿನಲ್ಲೇ ಉಳಿದ ಬಲ್ಬು

ಸರ್ಕಾರಿ ಹೈಸ್ಕೂಲುಗಳಿಗೆ ಕಂಪ್ಯೂಟರ್ ಬಂದ ಹೊಸದರಲ್ಲಿ ನನ್ನ ವ್ಯಾನಿಟಿ ಬ್ಯಾಗಿನಲ್ಲಿ ಬಾಚಣಿಗೆಯ ಜೊತೆ ಒಂದು ಬಲ್ಬೂ ಇರುತ್ತಿತ್ತು. ಹೋಲ್ಡರಿಗೆ ಸಿಕ್ಕಿಸಿದ ಅರವತ್ತು ಕ್ಯಾಂಡಲ್ ಬಲ್ಬು, ಅದಕ್ಕೆ ಎರಡು ವೈರು, ಒಡೆಯದಂತೆ ಸುತ್ತಲು ಹಳೆಯ ಟವೆಲು. ನಾನು ಗಣಿತದ ಮೇಡಂ. ಒಂದು ವಾರ ತರಬೇತಿ ಕೊಟ್ಟು, ಶಿವಮೊಗ್ಗ ಮತ್ತು ಭದ್ರಾವತಿಯ ಶಾಲೆಗಳಲ್ಲಿ ಕಂಪ್ಯೂಟರ್ ಕೋಣೆ ಸಿದ್ಧವಾಗಿದೆಯೇ ಎಂದು ನೋಡಿ ಸಹಿ ಹಾಕುವ ಕೆಲಸವನ್ನು ನನ್ನ ತಲೆಗೆ ಕಟ್ಟಿದ್ದರು. ಶಿವಮೊಗ್ಗದ ವಿದ್ಯಾನಗರದಲ್ಲಿ ನಮ್ಮ ಮನೆ. ಬೆಳಿಗ್ಗೆ ಬಸ್ಸು ಹತ್ತಿದರೆ ವಾಪಸಾಗುವಾಗ ಸಂಜೆಯಾಗಿರುತ್ತಿತ್ತು.

ಮುಖ್ಯವಾಗಿ ನೋಡಬೇಕಾದ್ದು ಅರ್ತಿಂಗು. ಆಳವಾದ ಗುಂಡಿ ತೋಡಿ, ತಾಮ್ರದ ತಗಡು ಹೂತು, ಇದ್ದಿಲು, ಉಪ್ಪು ತುಂಬಿ, ಅಲ್ಲಿಂದ ಕೋಣೆಯ ಬೋರ್ಡಿಗೆ ವೈರು ಎಳೆಯುತ್ತಾರೆ. ಎಲ್ಲಾದರೂ ಕರೆಂಟು ಸೋರಿದರೆ ಅದು ಮನುಷ್ಯರ ಮೈ ಹತ್ತದೆ ನೆಲಕ್ಕೆ ಹೋಗಲಿ ಅಂತ. ಆದರೆ ಗುಂಡಿಯ ಮೇಲೆ ಸಿಮೆಂಟಿನ ಮುಚ್ಚಳ ಬಿದ್ದ ಮೇಲೆ ಒಳಗೇನಿದೆ ಎಂಬುದು ದೇವರಿಗೇ ಗೊತ್ತು. ಅದಕ್ಕೇ ಬಲ್ಬು. ಒಂದು ವೈರನ್ನು ಕರೆಂಟಿಗೆ, ಇನ್ನೊಂದನ್ನು ಅರ್ತಿಂಗಿಗೆ ಕೊಟ್ಟರೆ, ಅರ್ತಿಂಗು ಸರಿಯಿದ್ದಲ್ಲಿ ಬಲ್ಬು ಉರಿಯಬೇಕು. ಒಂದು ನಿಮಿಷದ ಕೆಲಸ.

ನನ್ನನ್ನು ಕಂಡರೆ ಕಂಟ್ರಾಕ್ಟರುಗಳು ಮುಖ ಸಿಂಡರಿಸುತ್ತಿದ್ದರು. "ಏನ್ ಮೇಡಂ, ಬಲ್ಬ್ ಮಾರೋಕೆ ಬಂದ್ರಾ?" ಎಂದು ಒಬ್ಬ ಹೆಡ್‌ಮಾಸ್ಟರು ಹಲ್ಲು ಕಿರಿದರು. ಅವರ ಶಾಲೆಯಲ್ಲೇ ಬಲ್ಬು ಉರಿಯಲಿಲ್ಲ. ಗುಂಡಿ ಮತ್ತೆ ತೋಡಿಸಿದೆ. ನನ್ನ ಬಾಯಿಗೆ ಎಲ್ಲರೂ ಹೆದರುತ್ತಾರೆ ಎಂದು ಒಳಗೊಳಗೇ ಬೀಗುತ್ತಿದ್ದೆ. ಧೂಳು ಬರಬಾರದೆಂದು ಪ್ರತಿ ಕೋಣೆಯ ಬಾಗಿಲಿಗೂ "ಚಪ್ಪಲಿಗಳನ್ನು ಹೊರಗೆ ಬಿಡಿ" ಎಂದು ನನ್ನ ಕೈಯಿಂದಲೇ ಬರೆದು ಅಂಟಿಸುತ್ತಿದ್ದೆ. ದೇವರ ಮನೆಗಿಂತ ಹೆಚ್ಚು ಮಡಿ ಅಲ್ಲಿ.

ಭದ್ರಾವತಿಯ ಒಂದು ಶಾಲೆಗೆ ಹೋದಾಗ ಹೆಡ್‌ಮಾಸ್ಟರ ಕುರ್ಚಿಯಲ್ಲಿ ನನ್ನ ಮೇಷ್ಟ್ರೇ ಕೂತಿದ್ದರು. ಹೈಸ್ಕೂಲಿನಲ್ಲಿ ನನಗೆ ಗಣಿತ ಕಲಿಸಿದವರು. ಉತ್ತರ ಸರಿಯಿದ್ದರೂ ನಡುವೆ ಒಂದು ಹಂತ ಬಿಟ್ಟರೆ ಸೊನ್ನೆ ಕೊಡುತ್ತಿದ್ದ ಮನುಷ್ಯ. "ಬಾ ಮಾರಾಯ್ತಿ, ಬಾ" ಎಂದು ಎದ್ದು ನಿಂತರು. ಸ್ಟಾಫ್ ರೂಮಿನವರನ್ನೆಲ್ಲ ಕರೆದು, "ನನ್ನ ಶಿಷ್ಯೆ. ಈಗ ನಮ್ಮನ್ನೇ ಇನ್‌ಸ್ಪೆಕ್ಷನ್ ಮಾಡೋಕೆ ಬಂದಿದ್ದಾಳೆ" ಎಂದು ಹೆಮ್ಮೆಯಿಂದ ನಕ್ಕರು. ಕೋಣೆಯಲ್ಲಿ ಐದು ಕಂಪ್ಯೂಟರು, ಪ್ರತಿಯೊಂದಕ್ಕೂ ಹೂವಿನ ಚಿತ್ರದ ಬಟ್ಟೆಯ ಗೌನು.

"ಅರ್ತಿಂಗ್ ಆಗಿದ್ಯಾ ಸರ್?" ಎಂದೆ.

"ಆಗಿದೆ ಕಣಮ್ಮ. ನಾನೇ ಬಿಸಿಲಲ್ಲಿ ನಿಂತು ಮಾಡಿಸಿದ್ದೀನಿ."

ನನ್ನ ಕೈ ಬ್ಯಾಗಿನೊಳಗೆ ಹೋಗಿತ್ತು. ಬೆರಳಿಗೆ ಟವೆಲು ತಗಲಿತು. ಇಷ್ಟು ಜನರ ಎದುರಿಗೆ ಆ ಬಲ್ಬನ್ನು ಹೊರಗೆ ತೆಗೆಯುವುದೆಂದರೆ, ಸರ್, ನಿಮ್ಮ ಮಾತಿನ ಮೇಲೆ ನನಗೆ ನಂಬಿಕೆಯಿಲ್ಲ ಎಂದಂತೆ ಅನಿಸಿತು. ಬಲ್ಬಿನ ಬದಲು ಪೆನ್ನು ತೆಗೆದೆ. ಸಹಿ ಹಾಕಿ, ಅವರ ಕಾಲಿಗೆ ನಮಸ್ಕರಿಸಿ ಬಂದೆ.

ದಸರೆ ರಜೆಗೆ ಮುಂಚೆಯೇ ಶಾಲೆಗಳಲ್ಲಿ ಆಯುಧ ಪೂಜೆ ಮುಗಿಸಿಬಿಡುವುದು ವಾಡಿಕೆ. ಆ ಶಾಲೆಯ ಅಟೆಂಡರ್ ಒಬ್ಬ ತಮಿಳು ಹೆಂಗಸು. ಗಂಡ ಕಾರ್ಖಾನೆಯಲ್ಲಿ ದುಡಿಯುತ್ತಿದ್ದು ತೀರಿಕೊಂಡಿದ್ದ. ಬೆಳಿಗ್ಗೆ ಸಂಜೆ ಹೂ ಕಟ್ಟಿ ಮಾರುವುದೂ ಇತ್ತು. ಪೂಜೆಯ ಹಿಂದಿನ ದಿನ ಆಕೆ ಐದು ಕಂಪ್ಯೂಟರಿಗೂ ಐದು ಮಾಲೆ ಕಟ್ಟಿಟ್ಟು, ಕೋಣೆಯ ನೆಲ ತೊಳೆದು, ಒದ್ದೆ ಬಟ್ಟೆಯಿಂದ ಕಂಪ್ಯೂಟರಿನ ಪೆಟ್ಟಿಗೆಗಳನ್ನು ಒರೆಸತೊಡಗಿದಳು. ಕರೆಂಟು ಆರಿಸಿರಲಿಲ್ಲ. ಒಂದು ಪೆಟ್ಟಿಗೆಯ ತಗಡಿಗೆ ಕರೆಂಟು ಸೋರುತ್ತಿತ್ತು. ನೆಲ ಒದ್ದೆ, ಕಾಲು ಬರಿಗಾಲು. ಚಪ್ಪಲಿ ಹೊರಗೆ, ನನ್ನ ಚೀಟಿಯ ಕೆಳಗೆ ಬಿಟ್ಟಿದ್ದಳು.

ಜೀವ ಉಳಿಯಿತು. ಬಲಗೈಯ ಮೂರು ಬೆರಳು ಸುಟ್ಟು ಒಳಕ್ಕೆ ಮಡಚಿಕೊಂಡವು. ಆ ಕೈ ಮತ್ತೆ ಹೂ ಕಟ್ಟಲಿಲ್ಲ.

ವಿಚಾರಣೆ ನಡೆದದ್ದು ಮೇಷ್ಟ್ರ ಕೋಣೆಯಲ್ಲೇ. ಅರ್ತಿಂಗಿನ ವೈರು ಗೋಡೆಯ ಬುಡದಲ್ಲಿ ಬಿಡಿಯಾಗಿ ಬಿದ್ದಿತ್ತು. ಅದನ್ನು ಮೊದಲಿಂದಲೂ ಸೇರಿಸಿರಲಿಲ್ಲವೋ, ಆಮೇಲೆ ಕಿತ್ತುಬಂತೋ ಹೇಳುವವರಿರಲಿಲ್ಲ. ನನ್ನ ಬಲ್ಬು ಹೇಳಬಹುದಿತ್ತು.

"ನೀವು ಸಹಿ ಹಾಕಿದ ದಿನ ಟೆಸ್ಟ್ ಮಾಡಿದ್ರಾ ಮೇಡಂ?" ಎಂದು ಅಧಿಕಾರಿ ಕೇಳಿದರು.

ಬ್ಯಾಗು ನನ್ನ ತೊಡೆಯ ಮೇಲಿತ್ತು. ಇಲ್ಲ ಎಂದರೆ ನನ್ನ ಕೆಲಸಕ್ಕೇ ಕುತ್ತು. ಹೌದು ಎಂದರೆ ವೈರು ಆಮೇಲೆ ಕಿತ್ತುಬಂತು, ನೋಡಿಕೊಳ್ಳದ ತಪ್ಪು ಶಾಲೆಯದು, ಅಂದರೆ ಮೇಷ್ಟ್ರದು.

"ಹೌದು ಸರ್, ಮಾಡಿದ್ದೆ. ಬಲ್ಬು ಉರೀತು."

ಅಧಿಕಾರಿ ಮೇಷ್ಟ್ರ ಕಡೆ ತಿರುಗಿದರು. ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿದರು. ನನ್ನತ್ತ ನೋಡಲಿಲ್ಲ.

"ಹೌದು, ಮಾಡಿದ್ಲು. ನಾನು ನೋಡಿದೀನಿ" ಎಂದರು.

ಅವರನ್ನು ಸಸ್ಪೆಂಡ್ ಮಾಡಿದರು. ನಿವೃತ್ತಿಗೆ ಕೆಲವೇ ತಿಂಗಳಿತ್ತು. ಹಾರ ಇಲ್ಲ, ಬೀಳ್ಕೊಡುಗೆ ಇಲ್ಲ, ಗ್ರೂಪ್ ಫೋಟೋ ಇಲ್ಲ. ಅವರು ಯಾಕೆ ಹಾಗೆ ಹೇಳಿದರು ಎಂದು ನಾನು ಕೇಳಲಿಲ್ಲ. ಅವರು ಬದುಕಿದ್ದಷ್ಟು ದಿನ ಅವರ ಮನೆಯ ಬೀದಿಗೇ ಕಾಲಿಡಲಿಲ್ಲ. ಹೇಡಿ ಎಂದರೆ ನಾನೇ. ಆಮೇಲೆ ಉಳಿದ ಶಾಲೆಗಳಲ್ಲಿ ಒಂದಕ್ಕೆ ಎರಡು ಸಲ ಬಲ್ಬು ಹಚ್ಚಿ ನೋಡಿದೆ. ಅದರಿಂದ ಯಾರ ಬೆರಳೂ ನೆಟ್ಟಗಾಗಲಿಲ್ಲ.

ಮೇಷ್ಟ್ರು ತೀರಿಕೊಂಡ ಸುದ್ದಿ ಬಂದ ವಾರ ಆ ಅಟೆಂಡರಮ್ಮನ ಮನೆ ಹುಡುಕಿಕೊಂಡು ಹೋದೆ. ಎಡಗೈಯಲ್ಲೇ ಕಾಫಿ ಕೊಟ್ಟಳು.

"ನೀವು ಒಳ್ಳೇವ್ರು ಮಾ. ಸರಿಯಾಗಿ ನೋಡಿ ಸೈನ್ ಹಾಕಿ ಹೋದ್ರಿ. ಆ ಹೆಡ್‌ಮಾಸ್ಟ್ರೇ ನನ್ ಕೈ ಹಾಳು ಮಾಡ್ಬಿಟ್ಟ. ಈಗ ಹೋದ್ನಂತೆ, ಹೋಗ್ಲಿ."

ಲೋಟ ಕೆಳಗಿಟ್ಟೆ.

"ನಾನು ಟೆಸ್ಟ್ ಮಾಡಿರ್ಲಿಲ್ಲ ಅಮ್ಮ. ಸುಳ್ಳು ಹೇಳಿದೆ. ಅವರು ನನ್ನನ್ನ ಉಳಿಸೋಕೆ ಹೌದು ಅಂದ್ರು."

ಬೈದರೆ ಬೈಸಿಕೊಳ್ಳಲು ಸಿದ್ಧಳಾಗಿ ಹೋಗಿದ್ದೆ. ಆಕೆ ಬೈಯಲಿಲ್ಲ. ಮಡಚಿದ ಬೆರಳುಗಳನ್ನು ಎಡಗೈಯಿಂದ ಹಿಡಿದುಕೊಂಡು ಬಾಗಿಲ ಕಡೆ ನೋಡಿದಳು.

"ಅವರು ಒಂದ್ಸಲ ಇಲ್ಲಿಗೆ ಬಂದಿದ್ರು ಮಾ" ಎಂದಳು. "ಹಣ್ಣು ತಗೊಂಡು. ಅಲ್ಲೇ ಆಚೆ ನಿಂತ್ಕೊಂಡು ಕರೀತಾ ಇದ್ರು. ನಾನು ಬಾಗಿಲು ತೆಗೀಲಿಲ್ಲ."