ಛಂದದ ಕಾಲಮ್ಮಿನಲ್ಲಿ ಬರೆದ ಸುಳ್ಳು

ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲಿಗ ನಾನು. ಈ ಮಾತನ್ನು ಸಂದರ್ಭ ಸಿಕ್ಕಾಗಲೆಲ್ಲ ಹೇಳುತ್ತೇನೆ. ಸಿಗದಿದ್ದರೆ ಸಂದರ್ಭ ಮಾಡಿಕೊಂಡು ಹೇಳುತ್ತೇನೆ. ಅಪ್ಪ ಗೌಂಡಿ, ಅವ್ವ ಅವನ ಕೈಗೆ ಸಿಮೆಂಟಿನ ಬುಟ್ಟಿ ಕೊಡುವವಳು. ವಿಜಾಪುರದ ಕಡೆಯಿಂದ ನಾಸಿಕಕ್ಕೆ ಬಂದು, ಒಂದು ಕಟ್ಟಡ ಮುಗಿದೊಡನೆ ತಗಡಿನ ಶೆಡ್ಡು ಕಿತ್ತು ಇನ್ನೊಂದರ ಪಕ್ಕ ಹಾಕಿಕೊಂಡು ಬದುಕಿದವರು ನಾವು. ಅಂಥ ಏಳೋ ಎಂಟೋ ಶೆಡ್ಡುಗಳಲ್ಲಿ ಓದಿ ನಾನು ಬಿ.ಕಾಂ. ಮುಗಿಸಿದೆ.

ಎರಡು ಸಾವಿರದ ಐದೋ ಆರೋ ಇರಬೇಕು. ಈಗಿನ ಸಂಭಾಜಿನಗರ ಆಗ ಎಲ್ಲರ ಬಾಯಲ್ಲೂ ಔರಂಗಾಬಾದು. ಅಲ್ಲಿನ ಒಂದು ಸಹಕಾರಿ ಬ್ಯಾಂಕಿಗೆ ಗುಮಾಸ್ತರು ಬೇಕಾಗಿದ್ದರು. ಅರ್ಜಿ ಮರಾಠಿಯಲ್ಲಿತ್ತು. ಕೊನೆಯಲ್ಲೊಂದು ಕಾಲಮ್ಮು: ಛಂದ. ಮರಾಠಿಯಲ್ಲಿ ಹಾಗೆಂದರೆ ಹವ್ಯಾಸ. ಆದರೆ ನಾನು ಗಟ್ಟಿಯಾಗಿ ಓದಿದ್ದು ರೊಟ್ಟಿ ಬಡಿಯುತ್ತಿದ್ದ ಅವ್ವನ ಕಿವಿಗೆ ಬಿತ್ತು. ನಮ್ಮ ಕಡೆಯ ಕನ್ನಡದಲ್ಲಿ ಛಂದ ಅಂದರೆ ಚೆಲುವು.

"ನಿನ್ನ ಛಂದ ಏನಂತ ಕೇಳ್ಯಾರೇನ? ಮಾರಿ ನೋಡಿದ್ರ ಅವ್ರಿಗಿ ಗೊತ್ತಾಗಂಗಿಲ್ಲೇನ? ಮೂಗ ಅಂತ ಬರಿ. ನಿನ್ನ ಮೂಗ ಛಂದ ಐತಿ."

ಕೆಲಸ ಮುಗಿದ ಮೇಲೆ ಖುಷಿಗೆ ಏನು ಮಾಡುತ್ತೀರಿ ಅಂತ ಕೇಳುತ್ತಾರೆ ಎಂದು ಬಿಡಿಸಿ ಹೇಳಿದೆ.

"ಕೆಲಸ ಮುಗದ ಮ್ಯಾಲ ಮಲ್ಕೋತೀವಿ," ಎಂದ ಅಪ್ಪ. "ಅದನ್ನ ಬರಿ."

ದಾರಿ ತೋರಿಸಿದವನು ಕಾಲೇಜಿನ ಒಬ್ಬ ಗೆಳೆಯ. ಓದುವುದು ಅಂತ ಬರೆದರೆ ಯಾವ ಪುಸ್ತಕ ಎನ್ನುತ್ತಾರೆ, ಕ್ರಿಕೆಟ್ ಅಂತ ಬರೆದರೆ ಸ್ಕೋರು ಕೇಳುತ್ತಾರೆ. ಸಂದರ್ಶನಕ್ಕೆ ಕೂತವರಿಗೇ ಗೊತ್ತಿಲ್ಲದ್ದನ್ನು ಬರೆ, ಕೇಳುವ ಗೋಜಿಗೇ ಹೋಗುವುದಿಲ್ಲ ಅಂದ. ಆ ಕ್ಷಣಕ್ಕೆ ಇದು ನನಗೆ ಅಪಾರ ಬುದ್ಧಿವಂತಿಕೆಯಾಗಿ ಕಂಡಿತು. ಬರೆದೆ: ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ. ಅದರ ಒಂದು ಸ್ವರವನ್ನೂ ನಾನು ಕೇಳಿರಲಿಲ್ಲ.

ಸಂದರ್ಶನದ ಪತ್ರ ಬಂತು. ಹನ್ನೆರಡು ದಿನ ಉಳಿದಿದ್ದವು. ಗೆಳೆಯ ತಲೆ ಕೆರೆದುಕೊಂಡ. "ಕೇಳೋದಿಲ್ಲ ಅನ್ಕೋತೀನಿ. ಆದ್ರ ಕೇಳಿದ್ರೂ ಕೇಳಬಹುದು ಯಾರ್." ಸುಳ್ಳು ಸಿಕ್ಕಿಬಿದ್ದರೆ ನೌಕರಿ ಹೋಯಿತು, ನೌಕರಿ ಹೋದರೆ ಒಂಬತ್ತನೆಯ ಶೆಡ್ಡು.

ಆ ದಿನಗಳಲ್ಲಿ ಅಪ್ಪ ಅವ್ವ ನಾಸಿಕದ ಪಕ್ಕದ ದೇವಳಾಲಿಯಲ್ಲಿ, ಎಲ್ಲರೂ ಬಾಯಿ ಎನ್ನುತ್ತಿದ್ದ ಒಬ್ಬ ಪಾರ್ಸಿ ಮುದುಕಿಯ ಹಳೆಯ ಬಂಗಲೆಯ ಗೋಡೆಗಳಿಗೆ ಸಿಮೆಂಟು ಮೆತ್ತಿ ಗಿಲಾವು ಮಾಡುತ್ತಿದ್ದರು. "ಆ ಮುದುಕಿ ಮುಂಜಾನಿಂದ ಸಂಜಿತನ ತಟ್ಟಿ ತಿರುಗಿಸಿ ಹಾಡ ಹಚ್ಚತಾಳ. ಹಾಡೋರ ಒಬ್ರೂ ಇಲ್ಲ ಅದರಾಗ, ಬರೇ ಬಾರ್ಸೋರ," ಎಂದು ಅವ್ವ ದೂರುತ್ತಿದ್ದುದು ನೆನಪಾಯಿತು. ತಟ್ಟಿ ಅಂದರೆ ಗ್ರಾಮಫೋನಿನ ತಟ್ಟೆ. ಮರುದಿನ ಅವರ ಬುತ್ತಿ ನಾನೇ ಹೊತ್ತುಕೊಂಡು ಹೋದೆ.

ಬಾಯಿ ನನ್ನ ಕಥೆ ಕೇಳಿ ಹಲ್ಲಿನ ಸೆಟ್ಟು ಅಲುಗಾಡುವ ಹಾಗೆ ನಕ್ಕಳು. ಆಮೇಲೆ ಕೂರಿಸಿಕೊಂಡಳು. ನಾನು ನೋಟುಬುಕ್ಕು ತೆಗೆದು ಬರೆದುಕೊಳ್ಳಲು ಹೊರಟರೆ ಪೆನ್ನು ಕಿತ್ತುಕೊಂಡಳು. "ಕಾನ್ ಸೆ ಸುನ್, ಡೀಕ್ರಾ. ಪೆನ್ ಸೆ ನಹೀ." ಕಿವಿಯಿಂದ ಕೇಳು, ಪೆನ್ನಿನಿಂದಲ್ಲ ಅಂತ. ಡೀಕ್ರಾ ಅಂದರೆ ಮಗು. ಮೊದಲ ರಾಗ ಮತ್ತೆ ಬಂದಾಗ ಬೆರಳೆತ್ತಬೇಕು, ಅಷ್ಟೇ ನನ್ನ ಪರೀಕ್ಷೆ.

ಮೊದಲ ದಿನ ಸರಳವಾದದ್ದು: ಒಂದು ರಾಗ, ನಡುವೆ ಬೇರೊಂದು, ಕೊನೆಗೆ ಮತ್ತೆ ಮೊದಲಿನದು. ನಾನು ನಾಲ್ಕು ಸಲ ಬೆರಳೆತ್ತಿದೆ, ನಾಲ್ಕೂ ತಪ್ಪು. ಕಿಟಕಿಯ ಆಚೆ ಬಿದಿರು ಕಟ್ಟಿದ ಪರಂಚಿಯ ಮೇಲೆ ನಿಂತು ಗಿಲಾವು ಬಳಿಯುತ್ತಿದ್ದ ಅಪ್ಪ ಕೈಯಲ್ಲಿದ್ದ ಥಾಪಿ ಎತ್ತಿ ಕೂಗಿದ: "ಬಂತಲ್ಲೋ ಮತ್ತ ಅದ! ಕಿವಿಯಾಗ ಏನ ಸಿಮೆಂಟ ಕುಂತೈತಿ?"

"ಬಾಪ್ ಪಾಸ್, ಬೇಟಾ ಫೇಲ್," ಎಂದಳು ಬಾಯಿ.

ಹಾಗೆ ನಮ್ಮ ಪಾಠ ಮೂರು ಜನರ ಪಾಠವಾಯಿತು. ಒಂದೇ ರಾಗವನ್ನು ಬೇರೆ ಬೇರೆ ರೀತಿ ನುಡಿಸುತ್ತ ಹೋಗುವುದೊಂದು ಬಗೆ. ಅಪ್ಪನಿಗೆ ಅದು ಹೊಸದೇನಲ್ಲ, ಗೋಡೆ ಅದೇ, ಗಿಲಾವು ಬೇರೆ: ಒಮ್ಮೆ ನುಣುಪು, ಒಮ್ಮೆ ಒರಟು. ರೊಂಡೊ ಎನ್ನುವುದೊಂದು ಬಗೆ. ಅದರಲ್ಲಿ ಮೊದಲ ರಾಗ ಹೊರಗೆ ಹೋಗಿ ಹೋಗಿ ಮನೆಗೆ ಬರುತ್ತಲೇ ಇರುತ್ತದೆ.

ನನ್ನನ್ನು ಹೆದರಿಸಿದ್ದು ಸೊನಾಟಾ. ಮೂರು ಭಾಗಗಳ ಇಂಗ್ಲಿಷ್ ಹೆಸರುಗಳನ್ನು ಉರು ಹೊಡೆದಿದ್ದೆ, ತಲೆಗೆ ಏನೂ ಹೋಗಿರಲಿಲ್ಲ. ಬಾಯಿ ಹಿಂದಿಯಲ್ಲಿ ಹೇಳಿದ್ದನ್ನು, ಚಹಾಕ್ಕೆ ಬಂದು ಕಟ್ಟೆಯ ಮೇಲೆ ಕೂತಿದ್ದ ಅವ್ವನಿಗೆ ಕನ್ನಡದಲ್ಲಿ ಒಪ್ಪಿಸಿದೆ. ಮೊದಲು ಮನೆಯ ರಾಗ ಬರುತ್ತದೆ. ಆಮೇಲೆ ಇನ್ನೊಂದು ರಾಗ ಬರುತ್ತದೆ, ಅದರ ಶ್ರುತಿಯೇ ಬೇರೆ. ನಡುವೆ ಎರಡೂ ಮುರಿದು, ತಿರುಚಿ, ದೊಡ್ಡ ಗದ್ದಲ. ಕೊನೆಗೆ ಎರಡೂ ಮತ್ತೆ ಬರುತ್ತವೆ. ಆದರೆ ಈ ಸಲ ಎರಡನೆಯದು ಮೊದಲಿನದರ ಶ್ರುತಿಗೇ ಬಂದು ಸೇರಿರುತ್ತದೆ.

ಅವ್ವ ಬಸಿಯಲ್ಲಿದ್ದ ಚಹಾ ಮುಗಿಸಿದಳು. "ಸೊಸಿ," ಎಂದಳು.

"ಏನು?"

"ಸೊಸಿ ಬಂದಂಗ ಆತಲ್ಲೋ. ತವರಮನಿ ದನಿ ತಗೊಂಡ ಬರತಾಳ. ನಡುವ ಜಗಳ. ಕಡೀಕ ಅತ್ತಿಮನಿ ದನ್ಯಾಗ ಹಾಡಬೇಕು. ಪಾಪ, ಇಲ್ಲೂ ಆಕೀನ ಬದಲಾಗಬೇಕೇನ?"

ಬಾಯಿಗೆ ಅನುವಾದಿಸಿ ಹೇಳಿದೆ. ಅವಳು ಎದ್ದು ಅದೇ ತಟ್ಟೆಯನ್ನು ಮೊದಲಿಂದ ಹಚ್ಚಿದಳು. ಆವತ್ತು ಎರಡನೆಯ ರಾಗ ಮರಳಿ ಬಂದ ಜಾಗದಲ್ಲಿ ನನ್ನ ಬೆರಳು ತಾನಾಗಿಯೇ ಎದ್ದಿತು.

ಔರಂಗಾಬಾದಿನಲ್ಲಿ ಮೇಜಿನಾಚೆ ಮೂವರು ಕೂತಿದ್ದರು. ಇಬ್ಬರು ಗಂಡಸರು ಸಾಲ, ಬಡ್ಡಿ ಅಂತ ಕೇಳಿದರು, ಹೇಳಿದೆ. ಬದಿಯಲ್ಲಿದ್ದ ನರೆಗೂದಲ ಹೆಂಗಸು ನನ್ನ ಅರ್ಜಿಯ ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. ಗೆಳೆಯನ ಬುದ್ಧಿವಂತಿಕೆಗೆ ಅಲ್ಲಿಗೆ ಮಂಗಳ ಹಾಡಿದಂತಾಯಿತು.

"ಸೊನಾಟಾ ಅಂದರೇನು, ಹೇಳಿ."

ಉರು ಹೊಡೆದ ಮೂರು ಇಂಗ್ಲಿಷ್ ಶಬ್ದ ಉದುರಿಸಿದೆ.

"ಅದು ಪುಸ್ತಕದಲ್ಲಿದೆ. ಕೇಳುವಾಗ ಏನಾಗುತ್ತದೆ?"

"ಮ್ಯಾಡಮ್, ಸೊಸೆ," ಎಂದೆ. ಅವ್ವ ಹೇಳಿದ್ದನ್ನೆಲ್ಲ ಮರಾಠಿಯಲ್ಲಿ ಹೇಳಿದೆ, ಕೊನೆಯ "ಪಾಪ"ವನ್ನೂ ಬಿಡದೆ. ಗಂಡಸರಿಬ್ಬರೂ ಮುಖ ಮುಖ ನೋಡಿಕೊಂಡರು. ಹೆಂಗಸು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತ ನಕ್ಕರು. ನಗು ಮುಗಿದ ಮೇಲೆ ಕೇಳಿದರು, "ಎಷ್ಟು ವರ್ಷದ ಛಂದ ಇದು?"

ಐದು ವರ್ಷ ಅನ್ನಬಹುದಿತ್ತು. ನಂಬುತ್ತಲೂ ಇದ್ದರು. ಆದರೆ ಸೊಸೆಯ ಮಾತು ಅವ್ವನದು, ಬೆರಳೆತ್ತುವುದನ್ನು ಕಲಿಸಿದ್ದು ಅಪ್ಪ. ಅವರಿಬ್ಬರ ಮೇಲೆ ಸುಳ್ಳಿನ ಗಿಲಾವು ಬಳಿಯಲು ನಾಲಿಗೆ ಏಳಲಿಲ್ಲ.

"ಹನ್ನೊಂದು ದಿನದ್ದು, ಮ್ಯಾಡಮ್. ಅರ್ಜಿ ತುಂಬುವಾಗ ಇರಲಿಲ್ಲ. ಈಗ ಇದೆ."

"ಹೋಗಿ ಬನ್ನಿ," ಎಂದರು. ಮುಖ ನೋಡಿದರೆ ಏನೂ ತಿಳಿಯುವಂತಿರಲಿಲ್ಲ.

ನೌಕರಿ ಕೈಬಿಟ್ಟಿತು ಅಂತಲೇ ಲೆಕ್ಕ ಹಾಕಿ ರೈಲು ಹತ್ತಿದೆ. ಸಂಜೆಗೆ ಮನ್ಮಾಡ್ ಜಂಕ್ಷನ್ ಬಂತು. ಆಗ ಹೊಳೆಯಿತು. ವಿಜಾಪುರದಿಂದ ಬಂದರೂ ಮನ್ಮಾಡ್, ನಾಸಿಕದಿಂದ ಔರಂಗಾಬಾದಿಗೆ ಹೊರಟರೂ ಮನ್ಮಾಡ್, ಈಗ ತಿರುಗಿ ಹೊರಟರೂ ಮತ್ತೆ ಮನ್ಮಾಡ್. ಹುಟ್ಟಿದಾಗಿನಿಂದ ನಾನು ರೊಂಡೊದಲ್ಲೇ ಓಡಾಡಿದ್ದೆ! ಗೊತ್ತಿಲ್ಲದೆ ಬೆರಳೆತ್ತಿಬಿಟ್ಟಿದ್ದೆನೆಂದು ಕಾಣುತ್ತದೆ. ಎದುರಿಗೆ ಕೂತಿದ್ದ ಅಜ್ಜ ಮರುಕದಿಂದ ಬೋಗಿಯ ತುದಿಯ ಪಾಯಖಾನೆಯತ್ತ ಕೈ ತೋರಿಸಿದ.

ಮೂರು ವಾರಕ್ಕೆ ನೌಕರಿಯ ಕಾಗದ ಬಂತು. ದೇವಳಾಲಿಯ ಕಟ್ಟೆಯ ಮೇಲೆ ನಿಂತು ಓದಿ ಹೇಳಿದೆ. ಬಾಯಿ ಒಳಗೆ ಹೋಗಿ ಎಲ್ಲಕ್ಕಿಂತ ಗದ್ದಲದ ತಟ್ಟೆ ಹಚ್ಚಿದಳು. ಅವ್ವ ಸಿಮೆಂಟಿನ ಕೈ ಸೆರಗಿಗೆ ಒರೆಸಿಕೊಂಡು, ಅಕ್ಷರ ಬಾರದಿದ್ದರೂ, ಕಾಗದವನ್ನು ಮೇಲಿಂದ ಕೆಳಗೆ ನೋಡಿದಳು.

"ನಿನ್ನ ಛಂದ ನೋಡಿ ಕೊಟ್ಟಾರೇನ?"

ಪರಂಚಿಯ ಮೇಲಿಂದ ಅಪ್ಪನ ದನಿ ಬಂತು: "ಇವನ ಮಾರಿಗಿ ಯಾರ ಕೊಡತಾರ? ನಿನ್ನ ಹಾಡಿನ ಸೊಸಿ ನೋಡ, ಮನ್ಯಾಗ ಕಾಲ ಇಡೂ ಮೊದಲ ಗಂಡಗ ನೌಕರಿ ಕೊಡಿಸ್ಯಾಳ."