ಗೂಟದಲ್ಲಿ ಉಳಿದ ಪ್ಯಾಂಟುಗಳು

ನನ್ನ ಮಗಳು ಓದಿದವಳು, ನಾನು ಹೊಲಿಗೆಯವಳು. ಊರಿನ ಕೆಲಸಕ್ಕೆ ಯುವಕರು ಏಕೆ ಬರುತ್ತಾರೆ, ಏಕೆ ಬರುವುದಿಲ್ಲ ಎಂಬುದು ಅವಳ ಸಂಶೋಧನೆ. ಇಷ್ಟು ತಿಳಿಯಲು ಐದು ವರ್ಷ ಬೇಕೇ ಎಂದು ಕೇಳಿ ಬೈಸಿಕೊಂಡಿದ್ದೇನೆ.

ನಮ್ಮ ಬೀದಿಯ ಕೊನೆಯಲ್ಲಿ ಹಾಳುಬಿದ್ದ ವಾಚನಾಲಯವಿತ್ತು. ಬೀದಿಯ ಹುಡುಗ ಹುಡುಗಿಯರೇ ಸೇರಿ ಅದನ್ನು ಸರಿಮಾಡಿ ನಡೆಸಬೇಕು. ಇವಳು ಪಕ್ಕದಲ್ಲಿ ಕೂತು ಬರೆದುಕೊಳ್ಳಬೇಕು, ಅದು ಇವಳ ಯೋಜನೆ. ಭಾನುವಾರ ಬೆಳಿಗ್ಗೆ ಸಭೆ. ಮೊದಲ ವಾರ ಬಂದವರು ಇಬ್ಬರು. ಮುಂದಿನ ವಾರ ಒಬ್ಬ, ಅವನೂ ಫ್ಯಾನಿನ ಗಾಳಿಗೆ ಬಂದವನಂತೆ. ಮಗಳು ಊಟ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿದಳು.

ನನ್ನ ಅಂಗಡಿಯ ಗೂಟಗಳಲ್ಲಿ ಅರ್ಧ ಬೀದಿಯ ಬಟ್ಟೆ ನೇತಾಡುತ್ತಿರುತ್ತದೆ. ತುದಿ ಮಡಚಲು, ಸೊಂಟ ಬಿಗಿಮಾಡಲು, ಜಿಪ್ಪು ಬದಲಿಸಲು ಕೊಟ್ಟವು. ಅಂದೇ ಒಂದು ಕಾನೂನು ಮಾಡಿದೆ. ಭಾನುವಾರದ ಸಭೆಗೆ ಹೋಗದವರ ಬಟ್ಟೆ ಗೂಟದಿಂದ ಇಳಿಯುವುದಿಲ್ಲ. ಈ ವಿಷಯ ಮಗಳ ಕಿವಿಗೆ ಬಿದ್ದರಂತೂ ಯಾವತ್ತೂ ಇಳಿಯುವುದಿಲ್ಲ. ಕೆಲಸದ ಸಂದರ್ಶನವಿದೆ ಎಂದು ಗೋಗರೆದವನನ್ನೂ ಮೊದಲು ವಾಚನಾಲಯಕ್ಕೇ ಅಟ್ಟಿದೆ. ಎರಡೇ ತಿಂಗಳಲ್ಲಿ ನಲವತ್ತೊಂದು ಜನರಾದರು.

ಮೂರು ವರ್ಷ ಮಗಳ ಕಾಲು ನೆಲದ ಮೇಲಿರಲಿಲ್ಲ. ಗೋಡೆಗೆ ಬಣ್ಣವಾಯಿತು, ಕಪಾಟು ಬಂತು, ಚಿಕ್ಕವರಿಗೆ ಸಂಜೆ ಪಾಠ ಶುರುವಾಯಿತು. ಯುವಜನರ ಸ್ವಪ್ರೇರಣೆ ಎಂಬ ಅಧ್ಯಾಯ ಬರೆದು ನನಗೆ ಓದಿ ಹೇಳಿದಳು. ಪುಣ್ಯಕ್ಕೆ ನನ್ನ ಬಾಯಲ್ಲಿ ದಾರವಿತ್ತು, ಉತ್ತರ ಕೊಡುವುದು ತಪ್ಪಿತು.

ಪ್ರಬಂಧ ಸಲ್ಲಿಸಲು ಹನ್ನೆರಡು ದಿನ ಉಳಿದಿತ್ತು. ಒಂದು ಮಧ್ಯಾಹ್ನ ಅಂಗಡಿಗೆ ಬಂದವಳೇ ಫೋನನ್ನು ಮಷೀನಿನ ಮೇಲಿಟ್ಟು ರೆಕಾರ್ಡಿಂಗ್ ಹಾಕಿದಳು. ಸೈಕಲ್ ರಿಪೇರಿ ಹುಡುಗನ ದನಿ. ಮೊದಲ ಸಲ ಏಕೆ ಬಂದೆ ಎಂದು ಇವಳು ಕೇಳಿದ್ದಾಳೆ. ಅವನು ನಗುತ್ತಿದ್ದಾನೆ.

"ನಿಮ್ಮಮ್ಮ ಪ್ಯಾಂಟು ಇಟ್ಕೊಂಡಿದ್ರಲ್ಲಕ್ಕ. ಎಲ್ಲರ್ದೂ ಇಟ್ಕೊಂಡಿದ್ರು. ನಿಮಗೆ ಗೊತ್ತಿಲ್ವಾ?"

ಪೆಡಲಿನ ಮೇಲೆ ಕಾಲು ಹಾಗೇ ನಿಂತಿತು. ಮಗಳ ತುಟಿಯಲ್ಲಿ ರಕ್ತವೇ ಇರಲಿಲ್ಲ. ಬೈದಿದ್ದರೆ ತಿರುಗಿ ಬೈಯುತ್ತಿದ್ದೆ, ಅದು ನನಗೆ ಚೆನ್ನಾಗಿ ಬರುತ್ತದೆ. ಅವಳು ಬೈಯಲಿಲ್ಲ. ಪ್ರಬಂಧ ಹಾಗೇ ಕೊಟ್ಟುಬಿಡು, ಯಾರು ನೋಡುತ್ತಾರೆ ಎಂದು ನಾನೇ ಅಂದುಬಿಟ್ಟೆ. ಆಗ ಅವಳು ನನ್ನನ್ನು ನೋಡಿದ ರೀತಿ ಇವತ್ತಿಗೂ ಮರೆತಿಲ್ಲ.

ಅಂದಿನಿಂದ ನನ್ನನ್ನು ಅಮ್ಮ ಎನ್ನುವುದನ್ನೇ ಬಿಟ್ಟಳು. ಊಟ ಆಯ್ತು, ಬೀಗ ಅಲ್ಲಿದೆ, ಅಷ್ಟೇ ಮಾತು. ಆ ಅಧ್ಯಾಯ ಹರಿದುಹಾಕಿ, ಒಂದು ವರ್ಷ ಹೆಚ್ಚಿಗೆ ಕೇಳಿಕೊಂಡು, ನಲವತ್ತೊಂದು ಜನರನ್ನೂ ಮತ್ತೆ ಕೂರಿಸಿ ಕೇಳಿದಳು. ನಾನು ಗೂಟ ಖಾಲಿ ಮಾಡಿ ಎಲ್ಲರ ಬಟ್ಟೆ ಮನೆಗೇ ಮುಟ್ಟಿಸಿದೆ. ಇನ್ನು ವಾಚನಾಲಯದ ಕಡೆ ಒಬ್ಬನೂ ತಲೆ ಹಾಕುವುದಿಲ್ಲ ಎಂದುಕೊಂಡಿದ್ದೆ. ಮುಂದಿನ ಭಾನುವಾರ ಇಪ್ಪತ್ತಾರು ಜನ ಬಂದರು. ಏಕೆ ಬಂದೆ ಎಂದು ಕೇಳಿದರೆ, ಈಗ ಅದು ನಮ್ಮದಲ್ಲವೇ ಎಂದು ಸೈಕಲ್ ರಿಪೇರಿಯವನು ನನ್ನನ್ನೇ ಕೇಳಿದ.

ಕೊನೆಯ ಮೌಖಿಕ ಪರೀಕ್ಷೆಗೆ ಯಾರು ಬೇಕಾದರೂ ಹೋಗಿ ಕೂರಬಹುದಂತೆ. ಅವಳು ಕರೆಯದಿದ್ದರೂ ಹೋದೆ, ಹಿಂದಿನ ಸಾಲಿನಲ್ಲಿ ಮುದುರಿ ಕೂತೆ. ಪರೀಕ್ಷಕರು ಪುಟ ತಿರುವಿ, ಇಬ್ಬರಿದ್ದವರು ಎರಡೇ ತಿಂಗಳಲ್ಲಿ ನಲವತ್ತೊಂದಾಗಲು ಮುಖ್ಯ ಕಾರಣವೇನು ಎಂದು ಕೇಳಿದರು. ಇವಳ ಪದವಿ ನನ್ನಿಂದಲೇ ಹೋಯಿತು ಎಂದುಕೊಂಡೆ.

ಮಗಳು ತಿರುಗಿ ನೇರವಾಗಿ ನನ್ನ ಕಡೆ ಕೈ ತೋರಿಸಿದಳು.

"ಅಲ್ಲಿ ಹಿಂದೆ ಕೂತಿದಾರೆ ಸರ್. ನಮ್ಮಮ್ಮ."

ಇಡೀ ಕೋಣೆ ನನ್ನತ್ತ ತಿರುಗಿತು. ಅವಳ ಬಾಯಲ್ಲಿ ಅಮ್ಮ ಎಂಬ ಮಾತು ಕೇಳಿ ವರ್ಷದ ಮೇಲಾಗಿತ್ತು. ಆಮೇಲೆ ಅವರು ಏನು ಕೇಳಿದರೋ, ಇವಳು ಏನು ಹೇಳಿದಳೋ, ಒಂದೂ ನನ್ನ ಕಿವಿಗೆ ಬೀಳಲಿಲ್ಲ. ಪದವಿ ಸಿಕ್ಕಿತೆಂದು ಹೊರಗೆ ಯಾರೋ ಹೇಳಬೇಕಾಯಿತು.